ಧಣಿಯ ಗಾಡಿಯ ಹಿಂದಿನ ಎರಡು ಗಾಲಿ

ಡ್ರೈವರ್ ಕೆಲಸಕ್ಕೆ ಸೇರಿದವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವೇ ಬಂದು ಹಿಂದಿನ ಸೀಟಿನಲ್ಲಿ ಕೂರುತ್ತವೆ, ಬಾಗಿಲು ಹಾಕಿಕೊಳ್ಳುತ್ತವೆ, "ನಡಿ" ಅನ್ನುತ್ತವೆ. ನಮ್ಮ ಕೆಲಸ ಗಾಡಿ ಓಡಿಸುವುದು, ನಕ್ಕದ್ದು ಕನ್ನಡಿಯಲ್ಲಿ ಕಾಣದಂತೆ ನೋಡಿಕೊಳ್ಳುವುದು, ಅಷ್ಟೇ.

ನಾನು ಹೊಸಪೇಟೆಯ ಒಬ್ಬ ಗಣಿ ಧಣಿಯ ಮನೆಯಲ್ಲಿ ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು. ಮೊದಲು ಇದ್ದದ್ದು ಒಂದು ಜೀಪು. ಅದಕ್ಕೆ ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್ ಇತ್ತು. ಜಗ್ಗಿದರೆ ನಾಲ್ಕೂ ಗಾಲಿ ಎಳೆಯುತ್ತಿದ್ದವು, ಬಿಟ್ಟರೆ ಎರಡು. ಅದರಲ್ಲಿ ತಿಳಿಯದೆ ಇರುವಂಥದ್ದು ಏನೂ ಇರಲಿಲ್ಲ. ಆಮೇಲೆ ಕೆಂಪು ಮಣ್ಣಿಗೆ ಬೆಲೆ ಬಂತು. ಅದಿರು ಲಾರಿಗಳು ಹೆಚ್ಚಾದವು, ಲಾರಿಗಳ ಹಿಂದೆಯೇ ವಿದೇಶದ ಕಾರುಗಳೂ ಬಂದವು. ಒಬ್ಬ ಧಣಿ ಮಾಡು, ಅಂದರೆ ಮೇಲಿನ ಛಾವಣಿ, ತೆರೆಯುವ ಕಾರು ತಂದರು. ನಮ್ಮ ಬಿಸಿಲಿಗೆ ಮಾಡು ತೆರೆದು ಕೂತವರನ್ನು ನಾನಂತೂ ನೋಡಲಿಲ್ಲ. ಇನ್ನೊಬ್ಬರು ನೆಲಕ್ಕೆ ಅಂಟಿಕೊಂಡು ಓಡುವ ಕಾರು ತಂದರು. ಅದು ಬಸ್ ಸ್ಟ್ಯಾಂಡಿನ ಮುಂದಿನ ಹಂಪ್ ದಾಟಲಾಗದೆ ಅಲ್ಲಿಂದಲೇ ವಾಪಸ್ ಮನೆಗೆ ಹೋಯಿತು. ಇವರಿಬ್ಬರಿಗಿಂತ ಒಂದು ಕೈ ಮೇಲೆ ಎಂದು ನಮ್ಮ ಧಣಿ ಹೈಬ್ರಿಡ್ ಗಾಡಿ ತರಿಸಿದರು. ಪೆಟ್ರೋಲಿನ ಇಂಜಿನ್ನೂ ಉಂಟು, ಬ್ಯಾಟರಿಯ ಮೋಟಾರೂ ಉಂಟು, ನಾಲ್ಕು ಗಾಲಿಗೂ ಶಕ್ತಿ ಉಂಟು.

ಆ ಗಾಡಿಯ ಡ್ಯಾಶ್‌ಬೋರ್ಡಿನ ನಡುವೆ ಒಂದು ಪರದೆ. ಅದರಲ್ಲಿ ಗಾಡಿಯ ಚಿತ್ರ: ಮುಂದೆ ಇಂಜಿನ್ನು, ಹಿಂದೆ ಬ್ಯಾಟರಿ, ನಾಲ್ಕು ಮೂಲೆಗೆ ನಾಲ್ಕು ಗಾಲಿ. ಯಾವ ಗಾಲಿಗೆ ಶಕ್ತಿ ಹೋಗುತ್ತದೋ ಅದರ ಕಡೆ ಹಳದಿ ಬಾಣ ಓಡುತ್ತದೆ. ಬ್ರೇಕ್ ಒತ್ತಿದರೆ ಬಾಣ ಹಸಿರಾಗಿ, ತಿರುಗಿ ಬ್ಯಾಟರಿಯ ಕಡೆ ಓಡುತ್ತದೆ. ಮನೆಯಲ್ಲಿ ಎಲ್ಲರೂ ಅದನ್ನು ಟೀವಿ ಎನ್ನುತ್ತಿದ್ದರು. ಆ ಟೀವಿ ಒಂದು ತಿಂಗಳು ನನ್ನನ್ನು ಹೇಗೆ ಕುಣಿಸಿತು ಎಂಬುದೇ ಈ ಕಥೆ.

ಸದ್ದಿಲ್ಲದ ಗಾಡಿಗೆ ಪೂಜೆ

ನಮ್ಮ ಕಡೆ ಅಮಾವಾಸ್ಯೆ ಬಂದರೆ ಲೂನಾದಿಂದ ಲಾರಿಯವರೆಗೆ ಎಲ್ಲ ಗಾಡಿಗೂ ಪೂಜೆ ಆಗಲೇಬೇಕು. ಹೊಸ ಗಾಡಿ ಬಂದದ್ದೂ ಅಮಾವಾಸ್ಯೆಯ ಬೆಳಿಗ್ಗೆಯೇ. ಧಣಿ, ಧಣಿಯ ತಾಯಿ, ಓಣಿಯ ಮಂದಿ, ಗಾಡಿ ಒಪ್ಪಿಸಲು ಬೆಂಗಳೂರಿನಿಂದ ಬಂದಿದ್ದ ಶೋರೂಮಿನವನು, ಎಲ್ಲರೂ ಅಂಗಳದಲ್ಲಿ ಸೇರಿದ್ದರು. ಧಣಿಯ ತಾಯಿಯನ್ನು ನಾವೆಲ್ಲ ಅವ್ವಾರು ಎನ್ನುತ್ತಿದ್ದೆವು. ಅವರು ಆಗಲೇ ಹಿಂದಿನ ಸೀಟು ಹಿಡಿದು ಕೂತು, ಎಲೆಅಡಿಕೆ ಚೀಲ ಬಿಚ್ಚಿದ್ದರು.

ಪೂಜೆಗೆ ಬಂದ ಅಯ್ನೋರು ಕಾಯಿ ಒಡೆದರು, ಆರತಿ ಎತ್ತಿದರು, ನಾಲ್ಕು ಗಾಲಿಯ ಮುಂದೆ ನಾಲ್ಕು ಲಿಂಬೆಹಣ್ಣು ಇಟ್ಟರು. "ಚಾಲೂ ಮಾಡಪಾ" ಅಂದರು.

ಗುಂಡಿ ಒತ್ತಿದೆ. ಟೀವಿ ಹತ್ತಿತು. ಬೇರೆ ಯಾವ ಸದ್ದೂ ಇಲ್ಲ.

"ಚಾಲೂ ಮಾಡಪಾ, ಹೊತ್ತಾತು."

"ಮಾಡೀನ್ರಿ ಅಯ್ನೋರ."

"ಎಲ್ಲಿ ಮಾಡೀದಿ? ಸದ್ದ ಇಲ್ಲಲ್ಲ!"

ಮಂದಿಯ ಮುಂದೆ ಗಾಡಿ ಕೈಕೊಟ್ಟಿತೆಂದು ಧಣಿಯ ಮುಖ ಕೆಂಪಾಯಿತು. "ಇನ್ನೊಮ್ಮಿ ಒತ್ತಲೇ" ಅಂದರು. ಒತ್ತಿದೆ, ಬಂದ್ ಆಯಿತು. ಮತ್ತೆ ಒತ್ತಿದೆ, ಚಾಲೂ ಆಯಿತು. ಆದರೆ ಚಾಲೂ ಇದ್ದಾಗಲೂ ಸದ್ದಿಲ್ಲ, ಬಂದ್ ಆದಾಗಲೂ ಸದ್ದಿಲ್ಲ. ಈಗ ಯಾವುದಾಗಿದೆ ಎಂಬುದು ನನಗೇ ತಿಳಿಯದಾಯಿತು. ಶೋರೂಮಿನವನು "ಆಗಿದೆ ಸರ್, ಆಗಿದೆ ಸರ್" ಎಂದು ಒಂದೇ ಸಮನೆ ಕೂಗುತ್ತಿದ್ದ. ಅಯ್ನೋರು ಕೈ ಬೀಸಿ, "ಸದ್ದ ಬರೂತನಾ ಮುಹೂರ್ತ ಲೆಕ್ಕಿಲ್ಲ" ಎಂದು ಹಟ ಹಿಡಿದರು.

ಹಿಂದಿನಿಂದ ಅವ್ವಾರು, "ಟೀವಿ ಹತ್ತೈತಲ್ಲೋ ಯಪ್ಪಾ, ಇನ್ನೇನ್ ಬೇಕು? ಬಿಡು" ಅಂದರು. ಬ್ರೇಕಿನಿಂದ ಕಾಲು ತೆಗೆದೆ. ಗಾಡಿ ಬೆಕ್ಕಿನ ಹಾಗೆ ಮುಂದೆ ಸರಿಯಿತು. ಲಿಂಬೆಹಣ್ಣು ಪಚಕ್ಕೆಂದ ಮೇಲೆಯೇ ಅಯ್ನೋರಿಗೆ ಗೊತ್ತಾದದ್ದು. ಆರತಿ ತಟ್ಟೆ ಸಮೇತ ಅವರು ಕಟ್ಟೆಯ ಮೇಲೆ ಹಾರಿ ನಿಂತಿದ್ದರು.

ಧಣಿ ಮಾತ್ರ ಇದು ಯಾವುದನ್ನೂ ನೋಡಲಿಲ್ಲ. ಕಿಟಕಿಯಲ್ಲಿ ತಲೆ ಹಾಕಿ ಟೀವಿ ನೋಡುತ್ತಿದ್ದರು. "ಲೇ, ಮುಂದಿನ ಎರಡಕ್ಕ ಬಾಣ ಬಂತು. ಹಿಂದಿನ ಎರಡಕ್ಕ ಬರ್ಲೇ ಇಲ್ಲ!"

ಶೋರೂಮಿನವನು ಓಡಿ ಬಂದ. "ಸರ್, ಹಿಂದಿನ ಗಾಲಿಗೆ ಬೇರೆ ಮೋಟಾರಿದೆ. ಗಾಲಿ ಜಾರಿದಾಗ ಅದೇ ತಾನಾಗಿ ಕೆಲಸ ಮಾಡುತ್ತೆ."

"ತಾನಾಗಿ ಅಂದ್ರ? ನಾ ಹೇಳಿದಾಗ ಮಾಡಂಗಿಲ್ಲೇನು?"

"ಇಲ್ಲ ಸರ್."

ಹೇಳಿದಾಗ ಕೆಲಸ ಮಾಡದ ಆಳನ್ನು ಧಣಿ ಅಂದಿನವರೆಗೆ ಇಟ್ಟುಕೊಂಡಿರಲಿಲ್ಲ. ಅವರ ಹುಬ್ಬು ಗಂಟಾಯಿತು. ಆ ಹೊತ್ತು ನೋಡಿ ಶೋರೂಮಿನವನು ನನ್ನ ಚಪ್ಪಲಿಯ ಕಡೆ ಕಣ್ಣು ಹಾಯಿಸಿ, "ಇಂಥ ಗಾಡಿಗೆ ಟ್ರೇನಿಂಗ್ ಆದ ಡ್ರೈವರ್ ಬೇಕು ಸರ್. ಬೆಂಗಳೂರಲ್ಲಿ ನಮ್ಮವನೊಬ್ಬ ಇದ್ದಾನೆ, ಕಳಿಸಲಾ?" ಅಂದ.

ಧಣಿ ನನ್ನ ಕಡೆ ತಿರುಗಿದರು. "ಮುಂದಿನ ಅಮಾಸಿ ಒಳಗ ಟೀವಿಯಾಗ ನಾಕೂ ಗಾಲಿಗೆ ಬಾಣ ಬಂದದ್ದ ನನ್ನ ಕಣ್ಣಿಗೆ ತೋರಸ್ಬೇಕು. ಇಲ್ಲಾಂದ್ರ ನೀ ಮನಿಗೆ ಹೋಗು, ಬೆಂಗಳೂರಾವ ಬರ್ತಾನ."

ನನಗೆ ಡ್ರೈವಿಂಗ್ ಬಿಟ್ಟರೆ ಬೇರೆ ಕೆಲಸ ಬರುವುದಿಲ್ಲ. ಇಪ್ಪತ್ತು ವರ್ಷದ ಸೀಟು ಎರಡು ಬಾಣದ ಮೇಲೆ ನಿಂತಿತ್ತು. ಆಗ ಕಟ್ಟೆಯ ಮೇಲಿಂದ ಅಯ್ನೋರು ಕೇಳಿದರು: "ಹಂಗಾದ್ರ ಧಣ್ಯಾರ, ಮುಂದಿನ ಅಮಾಸಿಗೆ ಲಿಂಬಿಹಣ್ಣು ಎರಡ ಸಾಕಲ್ರಿ?"

ಕೆಸರು ಬ್ಯಾಡ, ಬಾಣ ಬೇಕು

ಗಾಲಿ ಜಾರಿದರೆ ಬಾಣ ಬರುತ್ತದೆ. ಜಾರಬೇಕಾದರೆ ಕೆಸರು ಬೇಕು. ಸಂಡೂರು ಗುಡ್ಡದಲ್ಲಿ ಅದಕ್ಕೇನು ಬರ? ಒಂದು ಮಳೆ ಬಿದ್ದರೆ ಸಾಕು, ಗಣಿಗೆ ಹತ್ತುವ ದಾರಿಯೆಲ್ಲ ಕುಂಕುಮ ಕಲಸಿದ ಹಾಗೆ ಆಗುತ್ತದೆ. ನಾನು ದಿನಾ ಬೆಳಿಗ್ಗೆ ಮುಗಿಲು ನೋಡತೊಡಗಿದೆ. ನಮ್ಮ ಮನೆಯವಳು, "ಹೊಲ ಇಲ್ಲ ಮನಿ ಇಲ್ಲ, ಮಳೀಗೆ ಯಾಕ ಕಾಯಾಕತ್ತೀದಿ?" ಎಂದು ಕೇಳಿದಳು.

ಒಂಬತ್ತನೇ ದಿನ ಮಳೆ ಬಂತು. ಮರುದಿನ ಬೆಳಿಗ್ಗೆ ಧಣಿಯನ್ನು ಕೂರಿಸಿಕೊಂಡು ಹುರುಪಿನಿಂದ ಹೊರಟೆ. ಸಂಡೂರು ದಾಟಿದೆವು. ಡಾಂಬರು ಮುಗಿದು ಗಣಿಯ ಏರು ಶುರುವಾಗುವ ಕಡೆ ಮೊಳಕಾಲುದ್ದ ಕೆಂಪು ರಾಡಿ. ನನ್ನ ಕಣ್ಣಿಗೆ ಅದು ಪಾಯಸದ ಹಾಗೆ ಕಂಡಿತು. ಇನ್ನೇನು ಗಾಲಿ ಇಳಿಸಬೇಕು.

"ನಿಲ್ಸಲೇ!" ಧಣಿ ಚೀರಿದರು. "ಕಣ್ಣ ಕಾಣಂಗಿಲ್ಲೇನು? ಗಾಡಿ ಹೊಲಸಾಗತೈತಿ!"

"ಧಣ್ಯಾರ, ಬಾಣ ನೋಡ್ಬೇಕಂದ್ರ ರಾಡಿಗೆ ಇಳಸ್ಬೇಕ್ರಿ."

"ಬಾಣ ನೋಡ್ಬೇಕು. ರಾಡಿಗೆ ಇಳಿಸ್ಬಾರ್ದು. ಅಷ್ಟ ಗೊತ್ತಾಗಂಗಿಲ್ಲ ಅಂದ್ರ ನೀ ಎಂಥಾ ಡ್ರೈವರ್?"

ಧಣಿ ಗಣಿ ಆಫೀಸಿಗೆ ಫೋನ್ ಮಾಡಿದರು. ಮೇಲಿನಿಂದ ನಮ್ಮ ಹಳೆಯ ಜೀಪು ಬಂತು. ನನ್ನ ಕೈಯಲ್ಲಿ ಇಪ್ಪತ್ತು ವರ್ಷ ಪಳಗಿದ ಜೀಪು. ಈಗ ಅದನ್ನು ಗಣಿಯ ಸೂಪರ್‌ವೈಸರ್ ಓಡಿಸುತ್ತಿದ್ದ. ಧಣಿ ಪ್ಯಾಂಟು ಮಡಚಿ ಅದಕ್ಕೆ ಹತ್ತಿದರು. ಸೂಪರ್‌ವೈಸರ್ ಆ ಸಣ್ಣ ಲಿವರ್ ಜಗ್ಗಿದ. ಜೀಪು ನಾಲ್ಕೂ ಗಾಲಿಯಿಂದ ರಾಡಿ ಎರಚುತ್ತಾ ಗುಡ್ಡ ಹತ್ತಿ ಹೋಯಿತು. ನಾಲ್ಕು ಗಾಲಿಯ ಹೊಸ ಗಾಡಿಗೆ ನಾನು ನೆರಳು ಹುಡುಕಿ, ಬಟ್ಟೆ ತೆಗೆದುಕೊಂಡು ಒರೆಸುತ್ತಾ ನಿಂತೆ. ಜೀಪು ಕಂಡು ನನಗೆ ನಿಜಕ್ಕೂ ಹೊಟ್ಟೆ ಉರಿಯಿತು.

ಮೂರು ತಾಸಾದ ಮೇಲೆ ಧಣಿ ಇಳಿದು ಬಂದರು. ಮೊಳಕಾಲಿನವರೆಗೆ ಕೆಂಪು. ಸೀಟಿಗೆ ನಾಲ್ಕು ಪೇಪರ್ ಹಾಸಿಸಿದರು, ಕಾಲಡಿ ಎರಡು ಹಾಸಿಸಿದರು, ಮೆಲ್ಲಗೆ ಕೂತರು. ಮುಂದಕ್ಕೆ ಬಾಗಿ ಟೀವಿ ನೋಡಿದರು. ಆಮೇಲೆ ನನ್ನ ಕಡೆ ನೋಡಿ ಬೇಸರದಿಂದ ಅಂದರು: "ಇವತ್ತೂ ಬರ್ಲಿಲ್ಲೇನು?"

ಇಳಿಯುವಾಗ ತುಂಬಿದ್ದು, ಏರುವಾಗ ಹೋದದ್ದು

ಸಂಡೂರಿನಿಂದ ಹೊಸಪೇಟೆಗೆ ಬರುವಾಗ ಘಾಟಿ ಇಳಿಯಬೇಕು. ಬ್ರೇಕ್ ಒತ್ತಿದಾಗಲೆಲ್ಲ ಟೀವಿಯಲ್ಲಿ ಹಸಿರು ಬಾಣ ಗಾಲಿಯಿಂದ ಬ್ಯಾಟರಿಗೆ ಓಡುತ್ತಿತ್ತು, ಬ್ಯಾಟರಿಯ ಚಿತ್ರ ಒಂದೊಂದೇ ಗೆರೆ ತುಂಬುತ್ತಿತ್ತು. ಧಣಿ ಅದನ್ನು ಒಂದು ವಾರ ಸುಮ್ಮನೆ ನೋಡಿದರು. ಎಂಟನೇ ದಿನ ಮಾತಾಡಿದರು.

"ಲೇ, ಇಳಿಯೂವಾಗ ಪೆಟ್ರೋಲ್ ಉರಿಯಂಗಿಲ್ಲ. ಮ್ಯಾಲೆ ಬ್ಯಾಟರಿನೂ ತುಂಬತೈತಿ. ಹೌದಿಲ್ಲೋ?"

"ಹೌದ್ರಿ."

"ಪೆಟ್ರೋಲ್ ಕುಡಿಯೂದು ಬರೇ ಏರಿನಾಗ. ಹಂಗಾದ್ರ ಏರ್ಸೂದ ಬ್ಯಾಡ."

"ಏರದ ಇಳಿಯೂದು ಹೆಂಗ್ರಿ?"

ಧಣಿ ನಕ್ಕರು. ಗಣಿ ಮಾಡುವವರ ತಲೆ ಹೇಗೆ ಓಡುತ್ತದೆ ಎಂದು ಅವತ್ತು ನನಗೆ ತಿಳಿಯಿತು. ಅವರ ಲಾರಿಗಳು ದಿನಾ ಅದಿರು ತುಂಬಿಕೊಂಡು ಇಳಿಯುತ್ತಿದ್ದವು, ಖಾಲಿಯಾಗಿ ಏರುತ್ತಿದ್ದವು. "ಖಾಲಿ ಲಾರಿ ಹೆಂಗಿದ್ರೂ ಮ್ಯಾಲೆ ಹೋಗತೈತಿ. ಅದಕ್ಕ ಹಗ್ಗ ಕಟ್ಟು."

ಲಾರಿಯೂ ಡೀಸೆಲ್ ಕುಡಿಯುತ್ತದೆ, ಅದೂ ನಿಮ್ಮದೇ ಎಂದು ಹೇಳಬೇಕೆನಿಸಿತು. ಅಮಾವಾಸ್ಯೆ ನೆನಪಾಗಿ ಬಾಯಿ ಮುಚ್ಚಿಕೊಂಡೆ. ಅಲ್ಲದೆ, ಹಗ್ಗ ಜಗ್ಗುವಾಗ ಗಾಲಿ ಸ್ವಲ್ಪ ಜಾರಿ ಎರಡು ಬಾಣ ಬಂದರೂ ಬರಬಹುದೆಂಬ ಆಸೆ ನನಗೂ ಇತ್ತು.

ಮರುದಿನ ಬೆಳಿಗ್ಗೆ ಘಾಟಿಯ ಬುಡದಲ್ಲಿ ಲಾರಿಗೆ ಹಗ್ಗ ಕಟ್ಟಿದೆ. ಲಾರಿ ಹೊರಟಿತು, ನಾವು ಹಿಂದೆ ಹೊರಟೆವು. ಲಾರಿಯ ಹೊಗೆ, ಕೆಂಪು ಧೂಳು ಎರಡೂ ಸೇರಿ ಮುಂದಿನ ಗಾಜಿನಲ್ಲಿ ಏನೂ ಕಾಣುತ್ತಿರಲಿಲ್ಲ. ಧಣಿ ಮುಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಟೀವಿ ನೋಡುತ್ತಿದ್ದರು. ಬಾಣ ಎಲ್ಲ ಹಸಿರು, ಎಲ್ಲ ಬ್ಯಾಟರಿಯ ಕಡೆ. "ನೋಡಲೇ, ಏರಿನಾಗೂ ತುಂಬಾಕತ್ತೈತಿ!" ಎಂದು ತೊಡೆ ತಟ್ಟಿಕೊಂಡರು. ಹಳದಿ ಬಾಣ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

ಅವರು ಮರೆತದ್ದು ಒಂದೇ. ಆ ಘಾಟಿಯಲ್ಲಿ ಎದುರಿಗೆ ಲಾರಿ ಸಾಲು ಇರದ ಹೊತ್ತೇ ಇರಲಿಲ್ಲ. ತುಂಬಿದ ಲಾರಿಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಪ್ರತಿಯೊಬ್ಬ ಡ್ರೈವರನೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಊರಿಗೆಲ್ಲ ದೊಡ್ಡ ಗಾಡಿ ಹಗ್ಗದಲ್ಲಿ ಜೋತು ಬರುವುದನ್ನು ನೋಡುತ್ತಿದ್ದ. ಒಬ್ಬ ನನಗೆ ಕೈ ಮುಗಿದ. ಇನ್ನೊಬ್ಬ "ಏನಾತಪಾ ಪಾಪ?" ಎಂದು ಕೂಗಿದ. ನಾವು ಗುಡ್ಡದ ತುದಿ ಮುಟ್ಟುವ ಮೊದಲೇ ಸುದ್ದಿ ಹೊಸಪೇಟೆ ಮುಟ್ಟಿತ್ತು.

ಮೇಲೆ ಹೋಗಿ ಹಗ್ಗ ಬಿಚ್ಚುತ್ತಿದ್ದೆ. ಧಣಿಯ ಫೋನ್ ಹೊಡೆದುಕೊಂಡಿತು. ಆ ಕಡೆ ಇದ್ದವರು ಮಾಡು ತೆರೆಯುವ ಕಾರಿನ ಧಣಿ. ಅವರ ದನಿ ಎಷ್ಟು ಜೋರೆಂದರೆ ಹಗ್ಗ ಹಿಡಿದ ನನಗೂ ಕೇಳಿಸಿತು: "ಅಣ್ಣಾರ, ಹೊಸಾ ಗಾಡಿ ಕೆಟ್ಟು ನಿಂತೈತಂತಲ್ರಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ನೀವು ಇಳದ ಬರಾಕ ನಮ್ಮ ಹಾಲಿನ ಟೆಂಪೋ ಕಳಸ್ಲೇನು?"

ಹಂಪಿಯವರ ಟ್ರೇನಿಂಗ್

ಅಮಾವಾಸ್ಯೆಗೆ ಇನ್ನು ಒಂದು ವಾರ. ಹಾಲಿನ ಟೆಂಪೋ ಮಾತು ಧಣಿಯ ಮೈಯಲ್ಲಿ ಮುಳ್ಳಿನ ಹಾಗೆ ನಟ್ಟಿತ್ತು. ಅದರ ಸಿಟ್ಟೆಲ್ಲ ನನ್ನ ಮೇಲೆ ಬರುತ್ತಿತ್ತು.

ಆ ವಾರ ಅದಿರು ಕೊಳ್ಳುವ ವಿದೇಶಿ ವ್ಯಾಪಾರಿಯೊಬ್ಬ ಬಂದ. ಅವನಿಗೆ ಹಂಪಿ ತೋರಿಸಲು ಹೊರಟೆವು, ಅವ್ವಾರೂ ಬಂದರು. ಧಣಿ ಅತಿಥಿಯನ್ನು ಕರೆದುಕೊಂಡು ಗುಡಿಯೊಳಗೆ ಹೋದರು. ಅವ್ವಾರು ಗಾಡಿಯಲ್ಲೇ ಕೂತು, ಕಿಟಕಿ ಇಳಿಸಿಕೊಂಡು, ಬಾಳೆಹಣ್ಣು ಸುಲಿಯುತ್ತಿದ್ದರು. ನಾನು ಹತ್ತು ಹೆಜ್ಜೆ ಆಚೆ ಚಹಾ ಕುಡಿಯುತ್ತಿದ್ದೆ.

ಹಂಪಿಯಲ್ಲಿ ಬಾಳೆಹಣ್ಣು ಸುಲಿಯುವುದೆಂದರೆ ಮಂಗಗಳಿಗೆ ಕರೆ ಕಳಿಸಿದ ಹಾಗೆ. ಒಂದು ದೊಡ್ಡ ಮಂಗ ಕಿಟಕಿಯಿಂದ ಒಳಗೆ ಇಳಿಯಿತು. ಅವ್ವಾರ ಕೈಯಿಂದ ಹಣ್ಣು ಕಿತ್ತುಕೊಂಡು, ನೇರ ನನ್ನ ಸೀಟಿಗೆ ಬಂದು ಕೂತು, ಒಂದು ಕೈಯಿಂದ ತಿನ್ನುತ್ತಾ ಇನ್ನೊಂದು ಕೈಯಿಂದ ಟೀವಿ ಒತ್ತತೊಡಗಿತು. ನಾನು ಚಹಾ ಚೆಲ್ಲಿ ಓಡಿದೆ. ಅದು ಹಲ್ಲು ಕಿರಿದು, ಕೊನೆಗೊಮ್ಮೆ ಗಟ್ಟಿಯಾಗಿ ಒತ್ತಿ, ಹೊರಗೆ ಹಾರಿತು.

ಟೀವಿಯಲ್ಲಿ ಗಾಡಿಯ ಚಿತ್ರ ಇರಲಿಲ್ಲ. ಬಾಣವೂ ಇರಲಿಲ್ಲ. ಅಲ್ಲಿದ್ದದ್ದು ಬರೀ ಅಕ್ಷರ. ಕನ್ನಡವಲ್ಲ, ಇಂಗ್ಲಿಷೂ ಅಲ್ಲ, ಕಡ್ಡಿ ಜೋಡಿಸಿ ಗುಡಿಸಲು ಕಟ್ಟಿದಂಥ ಅಕ್ಷರ. ನಾಲ್ಕು ಬಾಣ ತೋರಿಸಬೇಕಾದವನು ಇದ್ದ ಎರಡನ್ನೂ ಕಳೆದುಕೊಂಡಿದ್ದೆ.

ಧಣಿ ಬಂದು ನೋಡಿದರು. ವ್ಯಾಪಾರಿಗೆ ತೋರಿಸಿದರು, ಅವನೂ ತಲೆ ಅಲ್ಲಾಡಿಸಿದ. ಅದು ಅವನ ದೇಶದ್ದೂ ಆಗಿರಲಿಲ್ಲ. ಧಣಿ ಶೋರೂಮಿನವನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು.

"ಯಾರ್ರೀ ಒತ್ತಿದ್ದು?" ಎಂದು ಅವನು ಗದರಿದ.

"ಹಂಪಿಯವ್ರು ಒಬ್ರು ರೀ."

"ಟ್ರೇನಿಂಗ್ ಆಗಿದೆಯಾ ಅವರಿಗೆ?"

"ಇಲ್ರಿ. ಆದ್ರ ಭಾಳ ಚುರುಕು ಅದಾರ."

"ಇದಕ್ಕೇ ನಾನು ಹೇಳಿದ್ದು! ಅಮಾವಾಸ್ಯೆ ಮಾರನೇ ದಿನ ನಮ್ಮ ಡ್ರೈವರ್ ಬರ್ತಾನೆ. ಅಲ್ಲೀವರೆಗೆ ಯಾರೂ ಮುಟ್ಟಬೇಡಿ."

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಧಣಿಯೂ ಹೂಂ ಅಂದುಬಿಟ್ಟರು. ನಾನು ಆಚೆಗೆ ತಿರುಗಿ ಕಣ್ಣು ಒರೆಸಿಕೊಂಡೆ. ಅದನ್ನು ಅವ್ವಾರು ನೋಡಿದರು. ಅವರು ಎಲ್ಲಿ ಎಲೆಅಡಿಕೆಗೆ ನಿಲ್ಲಿಸಬೇಕು, ಯಾವ ಗುಡಿಯ ಮುಂದೆ ನಿಧಾನ ಮಾಡಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ಬೆಂಗಳೂರಿನವನು ಅವರಿಗೆ ಎಲ್ಲಿ ನಿಲ್ಲಿಸಿಯಾನು? ಅವರು ಮುಂದಕ್ಕೆ ಬಾಗಿ, ಸುಣ್ಣ ಹತ್ತಿದ ಬೆರಳಿನಿಂದ ಟೀವಿಯ ಮೂಲೆಯಲ್ಲಿದ್ದ ಒಂದು ಚಿಕ್ಕ ಗಾಡಿಯ ಚಿತ್ರ ಒತ್ತಿದರು. ಬಾಣಗಳು ತಿರುಗಿ ಬಂದವು.

ಧಣಿ ಬಾಯಿ ಬಿಟ್ಟುಕೊಂಡು, "ಯವ್ವಾ, ಆ ಭಾಷಾ ನಿನಗ ಹೆಂಗ ಬರತೈತಿ?" ಎಂದು ಕೇಳಿದರು.

"ನನಗ ಯಾವ ಭಾಷಾನೂ ಓದಾಕ ಬರಂಗಿಲ್ಲಲೇ" ಅಂದರು ಅವ್ವಾರು. "ಅದಕ್ಕ ನನಗ ಯಾವ ಭಾಷಾ ಇದ್ರೂ ಅಡಚಣಿ ಇಲ್ಲ."

ಮೆಟ್ರಿಯ ಹೊಲದ ದಾರಿ

ಕೊನೆಗೆ ಅಮಾವಾಸ್ಯೆ ಬಂದೇಬಿಟ್ಟಿತು. ಬೆಳಿಗ್ಗೆ ಪೂಜೆಯಾಯಿತು. ಅಯ್ನೋರು ನಿಜವಾಗಿಯೂ ಎರಡೇ ಲಿಂಬೆಹಣ್ಣು ತಂದಿದ್ದರು. ಧಣಿ ನನ್ನ ಮುಖ ನೋಡಿ, "ಇವತ್ತು ಹೊತ್ತು ಮುಳುಗೂತನಾ ಟೈಮ್ ಐತಿ" ಅಂದರು.

ಅವತ್ತು ಕಂಪ್ಲಿಯಲ್ಲಿ ಅಕ್ಕಿ ಗಿರಣಿಯ ಬೀಗರ ಮನೆಯಲ್ಲಿ ಊಟ. ಧಣಿ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಬೂಟು ಹಾಕಿ ಮುಂದೆ ಕೂತರು. ಹಿಂದೆ ಅವ್ವಾರು. ಕಂಪ್ಲಿಯವರೆಗೂ ಡಾಂಬರು ದಾರಿ. ಬಾಣ ಎರಡೇ. ನಾನು ಮನಸ್ಸಿನಲ್ಲೇ ನನ್ನ ಸೀಟಿಗೆ ನಮಸ್ಕಾರ ಹೇಳುತ್ತಿದ್ದೆ.

ದಾರಿಯಲ್ಲಿ ಮೆಟ್ರಿ ಎಂಬ ಊರಿನ ಹತ್ತಿರ ಬಂದಾಗ ಹಿಂದಿನಿಂದ ಅವ್ವಾರು, "ಯಪ್ಪಾ, ಎಡಕ್ಕ ಹೊಳ್ಳಿಸು. ನನ್ನ ತವರಮನಿ ಹೊಲ ನೋಡಿ ಹೋಗೂಣು" ಅಂದರು.

ಧಣಿ ತಿರುಗಿದರು. "ಯವ್ವಾ, ಊಟಕ್ಕ ಹೊತ್ತಾಗತೈತಿ."

"ಬೀಗರ ಅನ್ನ ನಾಳೆನೂ ಇರತೈತಿ. ನಾ ಇರ್ತೀನೇನು?"

ಈ ಮಾತಿಗೆ ಯಾವ ಮಗ ಎದುರು ಮಾತಾಡಿಯಾನು? ನಾನು ಹೊಳ್ಳಿಸಿದೆ. ಆ ಹೊಲಕ್ಕೆ ಊರೊಳಗಿನಿಂದ ಗಟ್ಟಿ ದಾರಿ ಇನ್ನೊಂದಿತ್ತು. ಅದು ನನಗೂ ಗೊತ್ತಿತ್ತು, ಅವ್ವಾರಿಗೂ ಗೊತ್ತಿತ್ತು. ಕನ್ನಡಿಯಲ್ಲಿ ನೋಡಿದೆ. ಅವ್ವಾರು ಎಲೆ ಮಡಚುತ್ತಾ ಕಿಟಕಿಯ ಆಚೆ ನೋಡುತ್ತಿದ್ದರು. ಇದರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ.

ಆಗ ನಾಟಿಯ ದಿನಗಳು. ಕಾಲುವೆ ನೀರು ಗದ್ದೆ ತುಂಬಿ, ಬಂಡಿ ದಾರಿಯ ಮೇಲೂ ಹರಿದಿತ್ತು. ಅದರ ಮೇಲೆ ಟ್ರಾಕ್ಟರ್ ಓಡಾಡಿ ದಾರಿ ಯಾವುದು, ಗದ್ದೆ ಯಾವುದು ಎಂಬ ಭೇದ ಉಳಿದಿರಲಿಲ್ಲ.

"ಲೇ ಕೆಸರೈತಿ! ಹಿಂದಕ್ಕ ತಗಿ!"

"ನಾ ಹುಟ್ಟಿದ ಊರಿನ ಮಣ್ಣಿಗೆ ಕೆಸರಂತೀಯೇನಲೇ?" ಎಂದು ಅವ್ವಾರು ಗದರಿದರು. ಆ ಒಂದು ಕ್ಷಣ ಧಣಿ ಹಿಂದಕ್ಕೆ ತಿರುಗಿದರು. ನನಗೆ ಅಷ್ಟೇ ಸಾಕಾಗಿತ್ತು. ಗಾಡಿ ಇಳಿಯಿತು, ನಾಲ್ಕು ಮಾರು ಹೋಯಿತು, ಕೂತಿತು.

ಅವ್ವಾರಂತೂ ಇಳಿಯುವ ಹಾಗಿಲ್ಲ, ನಾನು ಸ್ಟೇರಿಂಗ್ ಬಿಡುವ ಹಾಗಿಲ್ಲ. ಉಳಿದವರು ಒಬ್ಬರೇ. ಧಣಿ ಬೂಟು ಕೈಯಲ್ಲಿ ಹಿಡಿದು, ನನ್ನ ಇಡೀ ವಂಶಕ್ಕೆ ಬೈಯುತ್ತಾ ಇಳಿದು, ಹಿಂದೆ ಹೋಗಿ ನೂಕಲು ನಿಂತರು. ನಾನು ಆಕ್ಸಿಲರೇಟರ್ ಒತ್ತಿದೆ. ಗಾಲಿ ಜಾರಿತು. ಟೀವಿಯಲ್ಲಿ ಹಿಂದಿನ ಎರಡು ಗಾಲಿಯ ಕಡೆ ಹಳದಿ ಬಾಣ ಪಟಕ್ಕನೆ ಹೊತ್ತಿಕೊಂಡವು.

"ಧಣ್ಯಾರ! ಬಂದಾವ್ರಿ! ನಾಕೂ ಬಂದಾವ್ರಿ!"

ಧಣಿ ಕೆಸರಿನಲ್ಲಿ ಎದ್ದುಬಿದ್ದು ಕಿಟಕಿಗೆ ಓಡಿ ಬಂದರು. ಅವರ ಕಾಲ ಮೇಲೆ ಗಾಲಿ ಹೋದೀತೆಂದು ನಾನು ಕಾಲು ತೆಗೆದೆ. ಬಾಣ ಹೋಯಿತು.

"ಎಲ್ಲಲೇ?"

"ಈಗ ಇತ್ತುರಿ!"

"ಸುಳ್ಳ ಹೇಳ್ತೀಯಾ?" ಎಂದು ಅವರು ಮತ್ತೆ ಹಿಂದೆ ಹೋದರು. ಮತ್ತೆ ಒತ್ತಿದೆ, ಮತ್ತೆ ಬಂತು, ಮತ್ತೆ ಓಡಿ ಬಂದರು, ಮತ್ತೆ ಹೋಯಿತು. ಮೂರನೇ ಸಲಕ್ಕೆ ಬಿಳಿ ಅಂಗಿಯಲ್ಲಿ ಬಿಳಿ ಉಳಿದದ್ದು ಕಾಲರಿನ ಒಳಗೆ ಮಾತ್ರ. ಅವ್ವಾರು ಅಡಿಕೆ ನೆತ್ತಿಗೇರಿ ಕೆಮ್ಮುತ್ತಿದ್ದರು. ಅದು ಕೆಮ್ಮೋ ನಗುವೋ ತಿಳಿಯಲಿಲ್ಲ.

ಅಷ್ಟರಲ್ಲಿ ಪಕ್ಕದ ಗದ್ದೆಯ ರೈತ ಬಂದ. "ಧಣ್ಯಾರ, ನೀವು ಒಳಗ ಕುಂದ್ರಿ, ನಾ ನೂಕ್ತೀನಿ" ಅಂದ. ಒಂದು ತಿಂಗಳು ಪೇಪರ್ ಹಾಸಿ ಕೂತ ಸೀಟಿನ ಮೇಲೆ ಧಣಿ ಕೆಸರಿನ ಮೈಯಲ್ಲೇ ಧೊಪ್ಪನೆ ಕೂತರು. "ಒತ್ತಲೇ" ಅಂದರು. ಒತ್ತಿದೆ.

ನಾಲ್ಕೂ ಗಾಲಿಗೆ ಬಾಣ. ಧಣಿ ಕೆಸರಿನ ಬೆರಳನ್ನು ಟೀವಿಯ ಮೇಲೆ ಇಟ್ಟು ಮಗುವಿನ ಹಾಗೆ ಎಣಿಸಿದರು. "ಒಂದ, ಎರಡ, ಮೂರ, ನಾಕ! ಯವ್ವಾ, ನೋಡಿಲ್ಲಿ, ನಾಕು!" ಅವರ ಕಣ್ಣಲ್ಲಿ ನೀರು ನಿಂತಿತ್ತು. ನಿಜ ಹೇಳುತ್ತೇನೆ, ನನಗೂ ಅಳು ಬಂತು.

ಹೊರಗಿನಿಂದ ರೈತ ಕೂಗುತ್ತಿದ್ದ: "ಧಣ್ಯಾರ, ಗಾಡಿ ಮುಂದ ಬರವಲ್ದು! ಕೆಳಗ ಇಳಿಯಾಕತ್ತೈತಿ!"

"ಸುಮ್ನಿರಪಾ, ನಾಕೂ ತಿರುಗಾಕತ್ತಾವ" ಅಂದರು ಧಣಿ. ಬಾಗಿಲಿನ ಕೆಳಗಿನ ಅಂಚು ಕೆಸರಿಗೆ ತಾಗುವವರೆಗೆ ಕಣ್ತುಂಬ ನೋಡಿದರು. ಆಮೇಲೆಯೇ "ಸಾಕು" ಅಂದದ್ದು.

ರೈತ ಹೋಗಿ ಎತ್ತು ಹೊಡೆದುಕೊಂಡು ಬಂದ. ಹಗ್ಗ ಕಟ್ಟಿದ. ನಾನು ಗೇರ್ ತೆಗೆದು ಸುಮ್ಮನೆ ಕೂತೆ. ಜೋಡೆತ್ತು ಒಮ್ಮೆ ಬುಸ್ ಎಂದು ಮೈ ಕೊಟ್ಟವು. ಗಾಡಿ ಎದ್ದು, ತೂಗಾಡುತ್ತಾ ಗಟ್ಟಿ ನೆಲದ ಕಡೆ ಹೊರಟಿತು. ಧಣಿ ಟೀವಿ ನೋಡಿದರು. ಹಳದಿಯೂ ಇಲ್ಲ, ಹಸಿರೂ ಇಲ್ಲ, ಒಂದು ಬಾಣವೂ ಇಲ್ಲ.

"ಲೇ, ನಾಕು ಬಾಣ ಇದ್ದಾಗ ಜಾಗಾ ಬಿಡ್ಲಿಲ್ಲ. ಒಂದೂ ಇಲ್ಲದಾಗ ಓಡಾಕತ್ತೈತಲ್ಲ!"

"ಎಂಟ ಕಾಲು ಜಗ್ಗಾಕತ್ತಾವಲೇ" ಅಂದರು ಅವ್ವಾರು. "ಅವನ್ನ ತೋರ್ಸೂದು ಆ ಟೀವಿಗೆ ಯಾರು ಕಲಿಸ್ಯಾರ?"

ಆಗಲೇ ಧಣಿಯ ಫೋನ್ ಬಂತು. ಶೋರೂಮಿನವನು. ಅವನ ಡ್ರೈವರ್ ಬಸ್ ಹತ್ತಲು ಹೊರಟಿದ್ದನಂತೆ. ಧಣಿ ಕಿವಿಯ ಕೆಸರು ಒರೆಸಿಕೊಂಡು, ಮುಂದೆ ಹೋಗುತ್ತಿದ್ದ ಎತ್ತುಗಳನ್ನು ನೋಡುತ್ತಾ ಕೇಳಿದರು: "ನಿಮ್ಮಾವಗ ಎಲ್ಲಾ ಟ್ರೇನಿಂಗ್ 'ಆಗೈತಿ' ಅಂದ್ರಲ್ಲ, ಎತ್ತು ಹೂಡಾಕ ಬರತೈತೇನು?"

ಉತ್ತರಕ್ಕೆ ಕಾಯದೆ ಧಣಿ ಫೋನ್ ಇಟ್ಟರು.

ಗಟ್ಟಿ ನೆಲ ಬಂತು. ರೈತ ಹಗ್ಗ ಬಿಚ್ಚಿಕೊಂಡು ಕಿಟಕಿಗೆ ಬಂದ. ಇಷ್ಟೆಲ್ಲ ಆದರೂ ಧಣಿಯ ಮುಖದಲ್ಲಿ ಹಬ್ಬದ ಕಳೆ ಇದ್ದದ್ದು ಕಂಡು ಅವನಿಗೆ ಏನನ್ನಿಸಿತೋ ಏನೋ. ಬಲು ಮರ್ಯಾದೆಯಿಂದ ಅಂದ:

"ಧಣ್ಯಾರ, ಇನ್ನೊಮ್ಮಿ ನೋಡ್ಬೇಕನಿಸಿದ್ರ ಒಂದಿನ ಮೊದಲ ಫೋನ್ ಮಾಡ್ರಿ. ದಾರಿಗೆ ನೀರ್ ಹಾಯಿಸಿ ಇಟ್ಟಿರ್ತೀನಿ."

ನಾನು ಕನ್ನಡಿಯನ್ನು ಮೆಲ್ಲಗೆ ಆಚೆ ತಿರುಗಿಸಿದೆ. ಧಣಿ ಮಾತ್ರ ನಗಲಿಲ್ಲ. ಮಾಡು ತೆರೆಯುವ ಕಾರಿನ ಧಣಿಯನ್ನು ನಾಲ್ಕು ಬಾಣ ತೋರಿಸಲು ಯಾವಾಗ ಕರೆತರಬೇಕೆಂದು ಅವರ ತಲೆಯಲ್ಲಿ ಆಗಲೇ ಲೆಕ್ಕ ನಡೆದಿತ್ತು. ನನ್ನ ಭುಜಕ್ಕೆ ಕೆಸರಿನ ಕೈಯಿಂದ ಒಂದು ಏಟು ಹಾಕಿ ಅಂದರು:

"ಬಾಯಿ ಏನ್ ನೋಡ್ತೀಯಲೇ? ನಂಬರ್ ಬರ್ಕೋ. ಮುಂದಿನ ಅಮಾಸಿಗೆ ಫೋನ್ ಮಾಡಾವ ನೀನ!"